ಆಟಿಯಲ್ಲಿ ಒಂದು, ಮಾಯಿಯಲ್ಲಿ ಒಂದು: ಒಂದೇ ಬೈಲಿನ ಫೋಟೋ

ನಮ್ಮ ಊರುಗಳ ಮನೆಗಳಲ್ಲಿ ಹಳೇ ಫೋಟೋ ಹುಡುಕಿದರೆ ಹೆಚ್ಚಾಗಿ ಸಿಗುವುದು ಎರಡೇ ಬಗೆ. ಒಂದು ಪಾಸ್‌ಪೋರ್ಟಿಗೆ ತೆಗೆಸಿದ್ದು, ಇನ್ನೊಂದು ಮದುವೆಯದ್ದು. ಪಾಸ್‌ಪೋರ್ಟಿನದ್ದಾದರೆ ಹಿಂದೆ ಒಂದು ಬಿಳಿ ಬಟ್ಟೆ. ಪೇಟೆಯ ಸ್ಟುಡಿಯೋದಲ್ಲಿ ನಿಂತು ತೆಗೆಸಿದ್ದಾದರೆ ಹಿಂದೆ ಬಣ್ಣದಲ್ಲಿ ಬರೆದ ಹಿಮದ ಬೆಟ್ಟ, ಒಂದು ಸರೋವರ, ಅದರಲ್ಲಿ ಎರಡು ಹಂಸ. ಅದೇ ಹೊತ್ತಿಗೆ ಮನೆ ಎದುರು ನೇಜಿ ನೆಟ್ಟ ಗದ್ದೆ ಇತ್ತು, ತುಂಬಿ ಹರಿಯುವ ತೋಡಿತ್ತು, ಮುಳಿಹುಲ್ಲಿನ ಪದವು ಇತ್ತು. ಅದರ ಫೋಟೋ ಯಾರೂ ತೆಗೆಯಲಿಲ್ಲ. ರೀಲಿಗೆ ದುಡ್ಡು, ತೊಳೆಸಲಿಕ್ಕೆ ದುಡ್ಡು. ದಿನಾ ಕಾಣುವ ಗದ್ದೆಗೆ ಯಾರು ಖರ್ಚು ಮಾಡ್ತಾರೆ? 1974ರ ಬೊಳ್ಳದಲ್ಲಿ ನೇತ್ರಾವತಿ ಎಲ್ಲಿಯವರೆಗೆ ಬಂದಿತ್ತು ಅಂತ ಪಾಣೆಮಂಗಳೂರು, ಉಪ್ಪಿನಂಗಡಿ ಬದಿಯ ಹಿರಿಯರು ಗೋಡೆಗೆ ಕೈ ಇಟ್ಟು ತೋರಿಸ್ತಾರೆ. ಹಾಗೆ ಕೈ ಇಟ್ಟು ತೋರಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಇದ್ದಾರೆ.

ಈಗ ಪ್ರತಿಯೊಬ್ಬರ ಕಿಸೆಯಲ್ಲಿ ಕ್ಯಾಮೆರಾ ಉಂಟು. ಆದರೂ ಊರಿನ ಫೋಟೋ ಅಂತ ನೋಡಿದರೆ ಎಲ್ಲ ಒಂದೇ ಋತುವಿನದ್ದು. ಯಾಕೆಂದರೆ ಅದನ್ನು ತೆಗೆಯುವುದು ಹೆಚ್ಚಾಗಿ ಗಲ್ಫಿನಿಂದ ರಜೆಯಲ್ಲಿ ಬಂದವರು. ಕಂಪೆನಿ ಯಾವ ತಿಂಗಳಲ್ಲಿ ರಜೆ ಕೊಡ್ತದೋ ಅದೇ ಅವರ ಊರಿನ ಋತು. ನಮ್ಮ ಪರಿಚಯದ ಒಬ್ಬರು ಜುಬೈಲಿನಲ್ಲಿ ಹನ್ನೊಂದು ವರ್ಷದಿಂದ ಇದ್ದಾರೆ. ಅವರಿಗೆ ರಜೆ ಸಿಗುವುದು ಫೆಬ್ರವರಿ ಮಾರ್ಚಿನಲ್ಲಿ ಮಾತ್ರ. ಹನ್ನೊಂದು ವರ್ಷದಲ್ಲಿ ಒಂದು ಆಟಿಯ ಮಳೆ ನೋಡಿಲ್ಲ. ಒಮ್ಮೆ ಮಗಳು ವಿಡಿಯೋ ಕಾಲಿನಲ್ಲಿ ಅಂಗಳದ ನೀರು ತೋರಿಸಿದ್ದಕ್ಕೆ "ಅದೆಂತ, ನಮ್ಮ ಮನೆಯಾ?" ಅಂತ ಕೇಳಿದರಂತೆ. ಊರೆಂದರೆ ಅವರಿಗೆ ಒಣಗಿದ ಗದ್ದೆ, ಕೆಂಪು ಧೂಳು, ಗೇರುಹಣ್ಣಿನ ವಾಸನೆ. ಅದು ಸುಳ್ಳಲ್ಲ. ಆದರೆ ನಾಲ್ಕರಲ್ಲಿ ಒಂದು ಪಾಲು.

2020ರ ಮಳೆಗಾಲದಲ್ಲಿ, ಮದ್ರಸಗಳೆಲ್ಲ ಮುಚ್ಚಿದ್ದ ಆ ದಿನಗಳಲ್ಲಿ, ನಾವು ಇಬ್ಬರು ಉಸ್ತಾದರು, ಅಡಿಕೆ ವ್ಯಾಪಾರದ ಒಬ್ಬ ಸ್ನೇಹಿತರು ಮತ್ತು ಪಿಯುಸಿ ಓದುವ ಇಬ್ಬರು ಹುಡುಗರು ಸೇರಿ ಒಂದು ಕೆಲಸ ಶುರು ಮಾಡಿದೆವು. ಬೆಳ್ತಂಗಡಿ ಕಡೆಯ ನಮ್ಮ ಬೈಲನ್ನು ಒಂದೇ ಜಾಗದಲ್ಲಿ ನಿಂತು ತಿಂಗಳಿಗೆ ಎರಡು ಸಲ ಫೋಟೋ ತೆಗೆಯುವುದು. ಅಷ್ಟೇ. ನಿಲ್ಲುವ ಜಾಗ ರಸ್ತೆಯ ಮೋರಿಯ ಕಟ್ಟೆ. ಫೋಟೋದ ಎಡಕ್ಕೆ ಒಂದು ಹಲಸಿನ ಮರ, ಬಲಕ್ಕೆ ಕರೆಂಟು ಕಂಬ, ನಡುವೆ ಗದ್ದೆ, ಅದರಾಚೆ ಅಡಿಕೆ ತೋಟ, ತೋಟದ ಮೇಲೆ ಗುಡ್ಡೆ, ಎಲ್ಲದರ ಹಿಂದೆ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಾಲಾಬಾದ್ ಅಂತ ಕರೆದ ಅದೇ ಬಂಡೆ. ಮಳೆ ಎಷ್ಟು ಜೋರು ಅಂತ ಹೇಳಲಿಕ್ಕೆ ನಮಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಇಲ್ಲ. ಕಲ್ಲು ಕಾಣುತ್ತದಾ ಇಲ್ಲವಾ, ಕಂಡರೆ ಎಷ್ಟು.

ಜೂನ್ ಅಂದರೆ ಕಾರ್ತೆಲಿನ ಮೊದಲ ಫೋಟೋಗಳಲ್ಲಿ ಇನ್ನೂ ಮಣ್ಣಿನ ಬಣ್ಣವೇ ಹೆಚ್ಚು. ಹದಿನೈದು ದಿನ ಬಿಟ್ಟು ನೋಡಿದರೆ ಟಿಲ್ಲರ್ ಹೋದ ಗದ್ದೆಯಲ್ಲಿ ನೀರು ನಿಂತು ಆಕಾಶ ಕೆಳಗೆ ಬಂದ ಹಾಗೆ. ಟಿಲ್ಲರಿನ ಹಿಂದೆ ಬೆಳ್ಳಕ್ಕಿಗಳ ಸಾಲು. ಆಮೇಲೆ ಏಣೆಲಿನ ನೇಜಿ. ನೆಟ್ಟ ದಿನ ಅದು ಹಸಿರಲ್ಲ, ತೆಳು ಹಳದಿ. ಬೇರು ಹಿಡಿದ ಮೇಲೆ ಹಸಿರಾಗುವುದು, ಅದಕ್ಕೆ ಎಂಟು ಹತ್ತು ದಿನ ಬೇಕು. ಈ ಬಣ್ಣ ಬದಲುವುದನ್ನು ನಾವು ಹುಟ್ಟಿದಂದಿನಿಂದ ನೋಡಿದ್ದೇವೆ, ಆದರೆ ಎರಡು ಫೋಟೋ ಪಕ್ಕ ಪಕ್ಕ ಇಟ್ಟಾಗಲೇ ಕಂಡದ್ದು.

ಆಟಿಯಲ್ಲಿ ಗಡಾಯಿಕಲ್ಲು ಎಷ್ಟೋ ದಿನ ಕಾಣುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸಾಧಾರಣ 3,500 ಮಿ.ಮೀ. ಮೀರಿ ಮಳೆ ಬೀಳ್ತದೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಮೂರು ದಿನ ಬಿಡದೆ ಹೊಡೆದರೆ ಹುಣಿ ಮುಳುಗಿ ತೋಡು ಯಾವುದು ಗದ್ದೆ ಯಾವುದು ಅಂತ ಗೊತ್ತಾಗುವುದಿಲ್ಲ. ಅಡಿಕೆ ತೋಟದ ಹಸಿರು ಕಪ್ಪಾಗಿ ಬರ್ತದೆ. ಫೋಟೋ ತೆಗೆಯುವವರಿಗೆ ಇದು ಅತ್ಯಂತ ಬೇಸರದ ಕಾಲ ಅಂತ ಹೇಳುವವರಿದ್ದಾರೆ, ಬೆಳಕಿಲ್ಲ, ನೆರಳಿಲ್ಲ ಅಂತ. ನಮ್ಮ ಪ್ರಕಾರ ವರ್ಷದಲ್ಲಿ ಒಂದೇ ಫೋಟೋ ತೆಗೆಯಲಿಕ್ಕೆ ಬಿಡುವುಂಟು ಅಂದರೆ ಅದನ್ನು ಆಟಿಯಲ್ಲಿ ತೆಗೆಯಬೇಕು. ಕಾರಣ ಮುಂದೆ ಬರ್ತದೆ.

ಸೋಣದಲ್ಲಿ ಮಳೆಯ ನಡುವೆ ಬಿಸಿಲು ಬರುವಾಗ ಬಂಡೆ ಹೊರಗೆ ಬರ್ತದೆ, ಅದರ ಮೈಮೇಲೆ ನೀರಿಳಿಯುವ ಬಿಳಿ ಗೆರೆಗಳು. ಆಗ ಬೈಲು ಬಿಟ್ಟು ಪದವಿನ ಮೇಲೂ ಒಮ್ಮೆ ಹೋಗಬೇಕು. ಮುರಕಲ್ಲಿನ ಮೇಲೆ ಎರಡು ಬೆರಳು ನೀರು ನಿಂತ ಕಡೆ ನೀಲಿ ನೇರಳೆ ಬಣ್ಣದ ಪುಟ್ಟ ಹೂಗಳು ಹಾಸಿದ ಹಾಗೆ ಬಂದಿರ್ತವೆ. ಅದರಲ್ಲಿ ಯುಟ್ರಿಕ್ಯುಲೇರಿಯಾ ಎಂಬ ಗಿಡ ನೀರಿನ ಸಣ್ಣ ಜೀವಿಗಳನ್ನು ಹಿಡಿದು ತಿನ್ನುವಂಥದ್ದು. ಮಕ್ಕಳಿಗೆ ಇದನ್ನು ಹೇಳಿದರೆ ಫೋಟೋ ಬಿಟ್ಟು ಹೊಂಡದ ಸುತ್ತ ಕೂತುಬಿಡ್ತಾರೆ. ಮೂರು ತಿಂಗಳು ಕಳೆದು ಅದೇ ಜಾಗಕ್ಕೆ ಹೋದರೆ ಕರಿ ಕಲ್ಲು, ಒಣ ಹುಲ್ಲು. ಇಲ್ಲಿ ಎಂತ ಉಂಟು, ಬರಡು ಜಾಗ ಅಂತ ಹೇಳಿ ಕೋರೆಯ ಯಂತ್ರ ಬರುವುದು ಆವಾಗಲೇ.

ಅಕ್ಟೋಬರಿನಲ್ಲಿ ಕಟಾವು. ಸಂಜೆ ಘಟ್ಟದ ಮೇಲೆ ಮೋಡ ಒಟ್ಟಿ ಗುಡುಗು ಬರುವ ಹೊತ್ತಿನ ಬೆಳಕು ಇಡೀ ವರ್ಷದಲ್ಲಿ ಬೇರೆ ಇಲ್ಲ, ಆದರೆ ಸಿಡಿಲಿಗೆ ಹೆದರಿ ನಾವು ಅದನ್ನು ಜಗಲಿಯಿಂದಲೇ ತೆಗೆಯುವುದು. ಡಿಸೆಂಬರ್ ಜನವರಿಯಲ್ಲಿ ಬೆಳಗ್ಗಿನ ಮಂಜು ತೋಟದ ಎತ್ತರಕ್ಕೆ ನಿಂತು ಅಡಿಕೆ ಮರದ ತಲೆಗಳು ಮಾತ್ರ ಕಾಣ್ತವೆ. ಮಾಯಿ ತಿಂಗಳಿಗೆ ಎಲ್ಲ ಕಂದು. ಹಿಂದೆ ನಮ್ಮ ಬೈಲಿನಲ್ಲಿ ಏಣೆಲ್ ಆದ ಮೇಲೆ ಸುಗ್ಗಿ, ಅದಾದ ಮೇಲೆ ನೀರಿದ್ದ ಗದ್ದೆಗೆ ಕೊಳಕೆ ಅಂತ ಮೂರು ಬೆಳೆ ಇತ್ತಂತೆ. ನಾವು ಫೋಟೋ ಶುರು ಮಾಡುವಾಗ ಸುಗ್ಗಿ ಬೆಳೆಯ ಗದ್ದೆ ನಾಲ್ಕಿತ್ತು. ಈಗ ಒಂದು. ಉಳಿದದ್ದಕ್ಕೆ ಅಡಿಕೆ ಸಸಿ ಬಂತು. ಮಾರ್ಚಿನ ಫೋಟೋಗಳನ್ನು ಸಾಲಾಗಿ ಇಟ್ಟರೆ ಆ ಸಸಿ ಮೊಣಕಾಲಿನಿಂದ ಆಳೆತ್ತರಕ್ಕೆ ಬರುವುದು ಕಾಣ್ತದೆ. ಗದ್ದೆ ಮಾಡಿ ನಷ್ಟ ಮಾಡಿಕೊಳ್ಳಿ ಅಂತ ಯಾರಿಗೂ ಹೇಳಲಿಕ್ಕಾಗುವುದಿಲ್ಲ, ಆಳು ಸಿಗುವುದಿಲ್ಲ, ನವಿಲು ಹಂದಿ ಬಿಡುವುದಿಲ್ಲ. ಆದರೆ ಎಂತ ಹೋಯಿತು ಅಂತ ಗೊತ್ತಿರಲಿ.

ಸೂರ್ಯನ ಬಗ್ಗೆ ಎರಡು ಮಾತು. ನಮ್ಮ ಕಡೆ ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ. ಜೂನಿನಲ್ಲಿ ಪೂರ್ವದಿಂದ ಸಾಧಾರಣ 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ನಮ್ಮ ಮೋರಿಯಿಂದ ನೋಡಿದರೆ ಜೂನಿನಲ್ಲಿ ಮೋಡ ಬಿಟ್ಟ ದಿನ ಸೂರ್ಯ ಗಡಾಯಿಕಲ್ಲಿನ ಬದಿಯಲ್ಲಿ ಏಳ್ತದೆ, ಡಿಸೆಂಬರಿನಲ್ಲಿ ಕರೆಂಟು ಕಂಬದಿಂದಲೂ ಆಚೆ. ಏಪ್ರಿಲ್ ಕೊನೆಯ ವಾರಕ್ಕೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸರಿ ನೆತ್ತಿಯ ಮೇಲೆ, ಕಂಬಕ್ಕೆ ನೆರಳೇ ಇಲ್ಲ. ನಡುವಿನ ದಿನಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳ್ತದೆ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೊತ್ತು ನೋಡಲಿಕ್ಕೆ ನೆರಳು ಅಳೆಯುವ ಪಾಠ ಓದಿದ ನಮ್ಮಂಥವರಿಗೆ ಇಷ್ಟಾದರೂ ಗೊತ್ತಿರಬೇಕಲ್ಲ. ಒಳ್ಳೆಯ ಬೆಳಕು ಇರುವುದು ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಮತ್ತು ಮುಳುಗುವ ಮೊದಲಿನ ಒಂದು ಗಂಟೆ. ಬೆಳಗ್ಗಿನ ಆ ಒಂದು ಗಂಟೆ ಸರಿಯಾಗಿ ಮದ್ರಸದ ಹೊತ್ತು! ಹಾಗಾಗಿ ನಮ್ಮ ಬೆಳಗ್ಗಿನ ಫೋಟೋ ಎಲ್ಲ ಶುಕ್ರವಾರದ್ದು, ರಜೆ ಇರುವ ದಿನ.

ಊರಿನ ಫೋಟೋ ಇಲ್ಲ ಅಂತ ಹೇಳಿದೆವು. ಆದರೆ ಒಂದು ಸಾಲು ನಮ್ಮೆಲ್ಲರ ಮೊಬೈಲಿನಲ್ಲೂ ಗೊತ್ತಿಲ್ಲದೆ ಬಂದಿದೆ, ಪೆರ್ನಾಲಿನ ಫೋಟೋ. ಹೊಸ ಬಟ್ಟೆ ಹಾಕಿ ಮಸೀದಿಯ ಎದುರು ಅಥವಾ ಅಂಗಳದಲ್ಲಿ ನಿಂತು ತೆಗೆದದ್ದು. ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ 10–11 ದಿನ ಸಣ್ಣದು, ಹಾಗಾಗಿ ಪೆರ್ನಾಲ್ ಹಿಂದೆ ಹಿಂದೆ ಹೋಗ್ತಾ ಸಾಧಾರಣ 33 ವರ್ಷಕ್ಕೆ ಎಲ್ಲ ಋತುಗಳನ್ನು ಸುತ್ತಿ ಬರ್ತದೆ. 2016ರ ಚಿಕ್ಕ ಪೆರ್ನಾಲ್ ಜುಲೈ ಮೊದಲ ವಾರ. ಆ ಫೋಟೋದಲ್ಲಿ ಎಲ್ಲರ ಕೈಯಲ್ಲೂ ಕೊಡೆ, ಹಿಂದೆ ನೀರು ನಿಂತ ಗದ್ದೆ. 2024ರದ್ದು ಏಪ್ರಿಲ್ 10, 2025ರದ್ದು ಮಾರ್ಚ್ 31. ಹಿಂದಿನ ಅದೇ ಗದ್ದೆಯಲ್ಲಿ ಮಕ್ಕಳು ಕ್ರಿಕೆಟ್ ಆಡ್ತಾ ಇದ್ದಾರೆ. ಒಬ್ಬ ಹುಡುಗ ಈ ಎರಡು ಫೋಟೋ ಸೇರಿಸಿ "ಎಂಟು ವರ್ಷದಲ್ಲಿ ನಮ್ಮ ಹಸಿರು ಹೋಯ್ತು" ಅಂತ ಸ್ಟೇಟಸ್ ಹಾಕಿದ. ನಾವು ಹೇಳಿದೆವು, ಮೋನೇ, ಜುಲೈಯನ್ನು ಜುಲೈಗೆ ಹೋಲಿಸು, ಏಪ್ರಿಲನ್ನು ಏಪ್ರಿಲಿಗೆ. ಇಲ್ಲದಿದ್ದರೆ ಮಳೆ ಬಾರದ್ದಕ್ಕೂ ಗದ್ದೆ ಹೋದದ್ದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಹಸಿರು ಹೋದದ್ದು ನಿಜ, ಆದರೆ ಅದಕ್ಕೆ ಸಾಕ್ಷಿ ಆ ಫೋಟೋ ಅಲ್ಲ.

ಈಗ ಆಟಿಯ ಫೋಟೋದ ವಿಷಯ. ಮೇಲೆ ಹೇಳಿದ ಜುಬೈಲಿನವರು 2023ರ ಫೆಬ್ರವರಿಯಲ್ಲಿ ರಜೆಗೆ ಬಂದಾಗ ಅವರಿಗೆ ಹತ್ತು ಸೆಂಟ್ಸ್ ಜಾಗ ತೋರಿಸಿದರು. ರಸ್ತೆ ಬದಿ, ಮಟ್ಟಸ ಜಾಗ, ಬಾವಿ ತೋಡಿದರೆ ಬೇಗ ನೀರು. ರೇಟೂ ಹೆಚ್ಚಿಲ್ಲ. "ನಾಲ್ಕು ಲೋಡು ಮಣ್ಣು ಹಾಕಿದರೆ ಪಾಯ ಎಬ್ಬಿಸ್ಬಹುದು" ಅಂತ ಬ್ರೋಕರ್. ಜಾಗ ಇದ್ದದ್ದು ನಮ್ಮ ಫೋಟೋದ ಬಲಬದಿಯಲ್ಲಿ, ಕರೆಂಟು ಕಂಬದ ಬುಡ. ಅವರ ಉಮ್ಮ ಹಳೇ ಕಾಲದವರು. "ಮೊದಲು ಉಸ್ತಾದರ ಹತ್ರ ಆಟಿಯ ಫೋಟೋ ಕೇಳು" ಅಂತ ಕಳಿಸಿದರು. ಮೊಬೈಲಿನಲ್ಲಿ ಉಪಗ್ರಹದ ನಕ್ಷೆ ಅವರು ಮೊದಲೇ ನೋಡಿದ್ದರು, ಅದರಲ್ಲಿ ಒಣ ಜಾಗವೇ ಕಂಡದ್ದು. ಕಾಣದೆ ಇನ್ನೇನು? ಮಳೆಗಾಲದಲ್ಲಿ ಮೇಲಿನಿಂದ ನೋಡಿದರೆ ಮೋಡ ಮಾತ್ರ. ಹಾಗಾಗಿ ನಕ್ಷೆಗೆ ಹಾಕುವ ಚಿತ್ರ ಹೆಚ್ಚಾಗಿ ಬೇಸಗೆಯದ್ದೇ. ಉಪಗ್ರಹವೂ ಒಂದು ಲೆಕ್ಕದಲ್ಲಿ ರಜೆಯಲ್ಲಿ ಬಂದವರ ಹಾಗೆ.

ನಾವು 2020, 2021, 2022ರ ಜುಲೈ ಫೋಟೋ ಮೂರನ್ನೂ ತೋರಿಸಿದೆವು.

"ಉಸ್ತಾದರೇ, ಇದು ಅದೇ ಜಾಗವಾ?"

"ಕಂಬ ನೋಡಿ ಕಾಕ. ಕಂಬಕ್ಕೆ ಬಳಿದ ನಂಬರ್ ನೋಡಿ."

ನಂಬರಿನ ಕೆಳಗೆ ಒಂದು ಗೇಣು ಬಿಟ್ಟರೆ ಮತ್ತೆಲ್ಲ ನೀರು. ಮೂರು ವರ್ಷವೂ ಹಾಗೆಯೇ. ಅವರು ಬಹಳ ಹೊತ್ತು ನೋಡಿದರು. ಆಮೇಲೆ, "ಹನ್ನೊಂದು ವರ್ಷ ದುಡಿದದ್ದು ಉಸ್ತಾದರೇ" ಅಂತ ಮಾತ್ರ ಹೇಳಿ ಎದ್ದರು. ಜಾಗ ತೆಗೆದುಕೊಳ್ಳಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಎರಡು ತಿಂಗಳಲ್ಲಿ ಆ ಜಾಗ ದೂರದ ಊರಿನ ಇನ್ನೊಬ್ಬರಿಗೆ ಹೋಯಿತು. ಅವರೂ ದುಡಿದು ಉಳಿಸಿದ ದುಡ್ಡಿನವರೇ, ಅವರಿಗೆ ಜುಲೈ ತೋರಿಸುವವರು ಯಾರೂ ಇರಲಿಲ್ಲ. ಗುಡ್ಡೆಯಿಂದ ಕೆಂಪು ಮಣ್ಣು ತಂದು ನಾಲ್ಕಡಿ ಎತ್ತರಿಸಿದರು. ಆ ವರ್ಷದ ಮಳೆಗೆ ಅವರ ಜಾಗ ಮುಳುಗಲಿಲ್ಲ. ಬೈಲಿನಲ್ಲಿ ಹರಡಿ ನಿಲ್ಲುತ್ತಿದ್ದ ನೀರಿಗೆ ಜಾಗ ಕಡಿಮೆಯಾಗಿ ತೋಡಿನ ತಿರುವಿನಲ್ಲಿ ಹಿಂದಕ್ಕೆ ಒತ್ತಿ ಎರಡು ಮನೆಯ ಅಂಗಳಕ್ಕೆ ಬಂತು. ಆ ಎರಡು ಮನೆಗಳಿಗೆ ಹಿಂದೆ ಎಂದೂ ನೀರು ಬಂದದ್ದಿಲ್ಲ. "ನಿಮ್ಮದು ತಗ್ಗು ಜಾಗ, ಮೊದಲಿಂದಲೂ ಬರ್ತಿತ್ತು" ಅಂತ ವಾದ ಬಂದಾಗ ಆ ಮನೆಯವರು ನಮ್ಮ ನಾಲ್ಕು ವರ್ಷದ ಫೋಟೋಗಳನ್ನು ತಾರೀಕು ಸಮೇತ ಪ್ರಿಂಟು ಹಾಕಿಸಿ ಪಂಚಾಯತಿಗೆ ತೆಗೆದುಕೊಂಡು ಹೋದರು. ಮೋರಿಗೆ ಇನ್ನೊಂದು ಪೈಪು ಹಾಕುವುದು ಅಂತ ತೀರ್ಮಾನ ಆಗಿದೆ. ಪೈಪು ಇನ್ನೂ ಬಂದಿಲ್ಲ.

ಚೆಂದದ ಫೋಟೋಗೆ ಬೆಲೆ ಇಲ್ಲ ಅಂತ ಅಲ್ಲ. ಆದರೆ ಈಗಿನ ಮೊಬೈಲುಗಳಲ್ಲಿ ಬಣ್ಣ ಏರಿಸುವ ಚಟ ಒಂದುಂಟು. ಮಾರ್ಚಿನ ಗದ್ದೆಯನ್ನೂ ಆಗಸ್ಟಿನ ಹಾಗೆ ಮಾಡಿಬಿಡ್ತದೆ. ಸೈಟು ಮಾರುವವರ ಫೋಟೋಗಳನ್ನು ನೋಡಿ, ಎಲ್ಲಾ ಹಸಿರೇ, ನೀರು ಮಾತ್ರ ಎಲ್ಲೂ ಇಲ್ಲ! ಆ ಫಿಲ್ಟರ್ ಎಲ್ಲ ಬಂದ್ ಮಾಡಿ ತೆಗೆಯಿರಿ. ಸಪ್ಪೆಯಾಗಿ ಬಂದರೆ ಬರಲಿ.

ಮಾಡಲಿಕ್ಕೆ ದೊಡ್ಡ ವಿದ್ಯೆ ಬೇಡ. ಅಲ್ಲಾಡದ ಗುರುತು ಎರಡು ಫೋಟೋದಲ್ಲಿ ಇರಬೇಕು, ಕಂಬ, ಬಾವಿಕಟ್ಟೆ, ಮನೆಯ ಮೂಲೆ, ಯಾವುದಾದರೂ ಆದೀತು. ಮರ ಒಂದನ್ನೇ ನಂಬಬಾರದು, ಕಡಿದುಬಿಡ್ತಾರೆ. ಜೂಮ್ ಮಾಡಬೇಡಿ, ನಿಂತ ಜಾಗ ಬದಲಿಸಬೇಡಿ. ಹಿಂದಿನ ಫೋಟೋ ತೆರೆದು ನೋಡಿ ಅದೇ ಚೌಕಟ್ಟಿಗೆ ಹೊಂದಿಸಿ. ಮೋಡದ ದಿನ ಆಕಾಶ ಬೆಳ್ಳಗಾಗಿ ಗದ್ದೆ ಕತ್ತಲಾದರೆ ಪರದೆಯಲ್ಲಿ ಆಕಾಶದ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸಿದರೆ ಮೋಡದ ಮಡಿಕೆ ಕಾಣ್ತದೆ. ಮಳೆಗಾಲದಲ್ಲಿ ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿಗೆ ಹಬೆ ಕಟ್ಟುತ್ತದೆ, ಎರಡು ನಿಮಿಷ ಕಾದು ಹತ್ತಿ ಬಟ್ಟೆಯಲ್ಲಿ ಒರೆಸಿ. ಕೊಡೆ ಹಿಡಿಯಲಿಕ್ಕೆ ಒಬ್ಬ ಜೊತೆಗಿದ್ದರೆ ಸುಲಭ. ತುಂಬಿದ ತೋಡಿನ ಬದಿಗೆ, ರೀಲ್ಸ್ ಮಾಡಲಿಕ್ಕೆ ಅಂತ ಮಕ್ಕಳನ್ನು ಬಿಡಬೇಡಿ. ನೇಜಿ ನೆಡುವ ಹೆಂಗಸರನ್ನು ಕೇಳದೆ ತೆಗೆಯಬಾರದು. ಬಗ್ಗಿ ಕೆಲಸ ಮಾಡುವವರು ಯಾರದ್ದೋ ಸ್ಟೇಟಸ್ಸಿಗೆ ಬರಲಿಕ್ಕೆ ಅಲ್ಲಿಲ್ಲ.

ಇಡುವ ವಿಷಯ ತೆಗೆಯುವುದಕ್ಕಿಂತ ಮುಖ್ಯ. ವಾಟ್ಸ್ಆ್ಯಪಿನಲ್ಲಿ ಸಾದಾ ಫೋಟೋ ಆಗಿ ಕಳಿಸಿದರೆ ಅದು ಸಣ್ಣದಾಗ್ತದೆ, ಒಳಗಿರುವ ತಾರೀಕು, ಜಾಗದ ಮಾಹಿತಿಯೂ ಹೋಗ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗ್ತದೆ. ಫೈಲಿಗೆ ಊರು, ತಾರೀಕು ಸೇರಿಸಿ ಹೆಸರಿಡಿ. ವರ್ಷಕ್ಕೆ ನಾಲ್ಕನ್ನಾದರೂ ಪ್ರಿಂಟು ಹಾಕಿಸಿ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಆಲ್ಬಮ್ಮಿನ ಫೋಟೋಗಳು ಒಂದಕ್ಕೊಂದು ಅಂಟುತ್ತವೆ, ನಡುವೆ ಕಾಗದ ಹಾಕಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ನಮ್ಮ ಕಡೆಯ ಎಷ್ಟೋ ಹಳೇ ಫೋಟೋಗಳನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ಪೇಟೆಯಲ್ಲಿ ಜೋಪಾನ ಮಾಡಿ ಇಟ್ಟಿದ್ದಾರೆ, ಈಗ ಇಂಟರ್ನೆಟ್ಟಿನಲ್ಲೂ ನೋಡಬಹುದು. ಬರೆದಿಟ್ಟದ್ದಕ್ಕೆ ಇವತ್ತಿಗೂ ಉಪಯೋಗಕ್ಕೆ ಬರ್ತದೆ. ನಮ್ಮ ಅಜ್ಜನ ಮನೆಯ ಗದ್ದೆ ನಮ್ಮಲ್ಲಿ ಎಲ್ಲೂ ಇಲ್ಲ.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಬದಿಯಲ್ಲಿ ಗುಡ್ಡ ಜರಿದು ಹೊಳೆಯ ಜೊತೆ ಬಂದ ಮರಳು, ಮರದ ದಿಮ್ಮಿ ತೋಟ ಗದ್ದೆಗಳ ಮೇಲೆ ಕೂತಿತು. ಆಮೇಲಿನ ಫೋಟೋ ಸಾವಿರಾರು ಉಂಟು, ಪೇಪರಿನಲ್ಲೂ ಬಂತು. ಅದಕ್ಕಿಂತ ಮೊದಲಿನದ್ದು ಹುಡುಕಿದಾಗ ಒಂದೊಂದು ಮನೆಯವರಿಗೆ ಸಿಕ್ಕಿದ್ದು ಮದುವೆ ಫೋಟೋದ ಹಿಂದೆ ಅಸ್ಪಷ್ಟವಾಗಿ ಕಾಣುವ ತೋಟ ಮಾತ್ರ. ಅಲ್ಲಿಯ ಒಬ್ಬರು ಅದನ್ನೇ ದೊಡ್ಡದು ಮಾಡಿಸಿ ಬಾವಿ ಎಲ್ಲಿತ್ತು ಅಂತ ಗುರುತು ಹಾಕುತ್ತಿದ್ದರು.

ಈಗ ನವೆಂಬರ್. ಪದವಿನ ಮುಳಿಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿದೆ, ಸಂಜೆ ಅಸರ್ ಆದ ಮೇಲೆ ಸೂರ್ಯನಿಗೆ ಎದುರಾಗಿ ನಿಂತರೆ ಒಂದೊಂದು ಕಡ್ಡಿಯೂ ಹೊಳೀತದೆ. ತೋಡಿನ ನೀರು ಇಳಿಯುತ್ತಾ ಬಂತು. ಕೆಲವು ಕಡೆ ಕಟ್ಟ ಹಾಕಲಿಕ್ಕೆ ಹಲಗೆ, ಮಣ್ಣಿನ ಚೀಲ ತಯಾರಾಗಿವೆ. ಕಟ್ಟ ಹಾಕುವ ಮೊದಲು ಒಂದು ತೆಗೆಯಿರಿ, ಹಾಕಿ ಎಂಟು ದಿನ ಬಿಟ್ಟು ಅದೇ ಕಲ್ಲಿನ ಮೇಲೆ ನಿಂತು ಇನ್ನೊಂದು. ನೀರು ಎಷ್ಟು ದೂರದವರೆಗೆ ಹಿಂದಕ್ಕೆ ನಿಂತಿದೆ ಅಂತ ನೋಡಿ, ಬದಿಯ ಬಾವಿಯ ನೀರಿನ ಮಟ್ಟವನ್ನೂ ಒಂದು ತೆಗೆದಿಡಿ. ಜುಬೈಲಿನವರು ಈ ಸಲ ಜುಲೈಗೆ ರಜೆ ಕೇಳಿದ್ದಾರಂತೆ. ಸಿಗುತ್ತದೋ ಇಲ್ಲವೋ, ಫೋಟೋ ಅಂತೂ ಕಳಿಸ್ತಾ ಇದ್ದೇವೆ.